ಚರಂಡಿ ಸಾಹೇಬರ ತಾರಸಿ ಪ್ರಕರಣ

"ನಿವೃತ್ತಿ ಆದಮೇಲಾದರೂ ಈ ಮನುಷ್ಯ ಸುಮ್ಮನೆ ಕೂತ್ಕೋಬಾರದಿತ್ತಾ?"

ಭಾವ ಈ ಪ್ರಶ್ನೆಯನ್ನು ಯಾರನ್ನೂ ಕೇಳಲಿಲ್ಲ. ಕೈಯಲ್ಲಿ ಅಂಟಿನ ಬ್ರಷ್ಷು ಹಿಡಿದು, ಮುಖವನ್ನು ಚಾವಣಿಯ ಫ್ಯಾನಿನ ಕಡೆ ಎತ್ತಿ ಕೇಳಿದ. ಮೂಲೆಯಲ್ಲಿ ನೂಲಿನ ಉಂಡೆ ಹಿಡಿದು ನಾನು ಕೂತಿದ್ದೆ. ನನಗೆ ಹೂಂಗುಟ್ಟುವುದಷ್ಟೇ ಅಭ್ಯಾಸ. ನಮ್ಮ ತಾಯಿ ಸಂಜೆಯಾದರೆ ಪದ್ಯ ಹಾಡಿ ಅರ್ಥ ಹೇಳುತ್ತಿದ್ದಳು. ಹೂಂಗುಟ್ಟುವವನು ನಿದ್ದೆ ಹೋದರೆ ಕಥೆಯೊಳಗಿನ ರಾಜಕುಮಾರ ಕಾಡಿನಲ್ಲೇ ಉಳಿದುಬಿಡುತ್ತಾನೆ ಎಂದು ಹೆದರಿಸುತ್ತಿದ್ದಳು. ಹಾಗೆ ಬೆಳೆದವನಿಗೆ ಅಕ್ಕನ ಗಂಡನಾಗಿ ಇಂಥ ಭಾವ ಸಿಕ್ಕಿದ್ದು ದೇವರ ಲೆಕ್ಕಾಚಾರವೇ ಇರಬೇಕು. ನಾನು ಹೂಂ ಎಂದೆ.

ಭಾವ ಸಾರ್ವಜನಿಕ ಗ್ರಂಥಾಲಯದ ಬೈಂಡರ್. ಮೇಲೆ ಕಪಾಟುಗಳು, ಕುರ್ಚಿಗಳು, ಕೆಮ್ಮುವ ಓದುಗರು. ಕೆಳಗೆ ನೆಲಮಾಳಿಗೆಯಲ್ಲಿ ಒಂದು ಉದ್ದ ಮೇಜು, ಒಂದು ಕಬ್ಬಿಣದ ಒತ್ತುಯಂತ್ರ, ಒಬ್ಬ ಭಾವ. ಬೆನ್ನು ಮುರಿದ ಪುಸ್ತಕಗಳೆಲ್ಲ ಮೆಟ್ಟಿಲಿಳಿದು ಅವನ ಬಳಿಗೆ ಬರುತ್ತವೆ. ಅವನು ಹೊಲಿಗೆ ಬಿಚ್ಚಿ, ಅಂಟು ಕೆರೆದು, ಹೊಸದಾಗಿ ಹೊಲಿದು ಮೇಲೆ ಕಳಿಸಬೇಕು. ಅಲ್ಲಿ ಗ್ರಂಥಪಾಲಕರು ಪರಿಶೀಲಿಸಿ, ಮುದ್ರೆ ಒತ್ತಿ, ಸಹಿ ಹಾಕುತ್ತಾರೆ. ಇಷ್ಟೇ ಮಾಡಿದ್ದರೆ ಅವನ ಬದುಕು ತಣ್ಣಗಿರುತ್ತಿತ್ತು. ಆದರೆ ಬಿಚ್ಚಿದ ಪುಸ್ತಕವನ್ನು ಪೂರ್ತಿ ಓದದೆ ಮೇಲೆ ಕಳಿಸುವುದಿಲ್ಲ ಎಂಬ ವ್ರತ ಹಿಡಿದಿದ್ದ. ಓದಿದ್ದರ ಬಗ್ಗೆ ಅಭಿಪ್ರಾಯ ಹೇಳದೆ ಊಟ ಮಾಡುವುದಿಲ್ಲ ಎಂಬುದು ವ್ರತದ ಎರಡನೆಯ ಭಾಗ. ಅಕ್ಕ ಅದಕ್ಕೆ ಕಿವಿ ಕೊಡುವುದನ್ನು ಎಂದೋ ಬಿಟ್ಟಿದ್ದಳು. "ನೀನು ಹೇಗೂ ಖಾಲಿ ಇದೀಯ, ಹೋಗಿ ಕೇಳಿಸ್ಕೋ" ಎಂದು ನನ್ನನ್ನು ನೆಲಮಾಳಿಗೆಗೆ ದಬ್ಬಿದ್ದಳು.

ಈ ಓದಿನಿಂದಾಗಿ ಕೆಲಸ ಹಿಂದೆ ಬೀಳುತ್ತಿತ್ತು. ಗ್ರಂಥಪಾಲಕರು ಒಂದು ದಿನ ಮೆಟ್ಟಿಲ ಮೇಲೆ ನಿಂತೇ ತೀರ್ಪು ಕೊಟ್ಟಿದ್ದರು. "ನೋಡಯ್ಯಾ, ನಿನಗೆ ಸಂಬಳ ಹೊಲಿಯೋಕೆ, ಓದೋಕಲ್ಲ. ಇನ್ನೊಂದು ದೂರು ಬಂದ್ರೆ ಬೈಂಡಿಂಗನ್ನ ಹೊರಗಡೆ ಕೊಡ್ತೀನಿ. ನೀನು ಮನೇಲಿ ಆರಾಮಾಗಿ ಓದ್ಕೊಂಡಿರಬಹುದು."

ಮನೆಯಲ್ಲಿ ಆರಾಮಾಗಿರುವುದು ಎಂದರೇನೆಂದು ಭಾವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮನೆಯಲ್ಲಿ ಅಕ್ಕ ಇದ್ದಳು. ಈ ಮೇಜು ಹೋದರೆ ಭಾವನಿಗೆ ಭೂಮಿಯ ಮೇಲೆ ಕೂರಲು ಬೇರೆ ಜಾಗವಿರಲಿಲ್ಲ.

ಅಂದು ಭಾವನನ್ನು ದಣಿಸಿದ್ದ ಪುಸ್ತಕದ ಹೆಸರು 'ಸರಿಯಾದ ಇಳಿಜಾರು'. ಒಳಚರಂಡಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರರೊಬ್ಬರ ಆತ್ಮಕಥೆ. ಓಣಿಯವರೆಲ್ಲ ಅವರನ್ನು ಹಿಂದಿನಿಂದ ಚರಂಡಿ ಸಾಹೇಬರು ಎನ್ನುತ್ತಿದ್ದರು. ಮುಂದಿನಿಂದ ಸಾಹೇಬರು ಎಂದಷ್ಟೇ. ತಾವೇ ಅಚ್ಚು ಹಾಕಿಸಿ ಗ್ರಂಥಾಲಯಕ್ಕೆ ಒಂದು ಪ್ರತಿ ದಾನ ಕೊಟ್ಟಿದ್ದರು. ಉಳಿದವೆಲ್ಲ ಅವರ ಮಂಚದ ಕೆಳಗಿದ್ದವು. ಗ್ರಂಥಾಲಯದ ಪ್ರತಿಯನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಅದು ಕಪಾಟಿನಲ್ಲಿ ನಿಂತಲ್ಲೇ ಬೆನ್ನು ಬಿಟ್ಟುಕೊಂಡಿತ್ತು.

"ಓದದೇನೇ ಹರಿದುಹೋದ ಪುಸ್ತಕ ನಾನು ನೋಡಿದ್ದು ಇದೊಂದೇ ಕಣಯ್ಯಾ," ಎಂದ ಭಾವ. "ಎಂಬತ್ತು ಪುಟ ಆಯ್ತು. ಎಂಬತ್ತು ಪುಟದಲ್ಲಿ ಇವರು ಒಂದ್ಸಲನೂ ನಕ್ಕಿಲ್ಲ, ಅತ್ತಿಲ್ಲ, ನೆಗಡಿ ಕೂಡ ಆಗಿಲ್ಲ. ಮದುವೆ ಅರ್ಧ ಸಾಲಲ್ಲಿ ಮುಗೀತು. ಇನ್ನರ್ಧ ಸಾಲು ಕೊಳವೆ."

ಮೇಜಿನ ಇನ್ನೊಂದು ಬದಿಯಲ್ಲಿ ಬಿಚ್ಚಿದ ಇನ್ನೊಂದು ಪುಸ್ತಕವಿತ್ತು. 'ತಾರಸಿಯ ಬೆಳಕು' ಎಂಬ ಪ್ರೇಮ ಕಾದಂಬರಿ. ಅದು ಓದಿ ಓದಿಯೇ ಚಿಂದಿಯಾದದ್ದು. ವ್ರತಕ್ಕೂ ಒಂದು ವಿನಾಯಿತಿಯಿತ್ತು. ಅಳಿಸುವ ಕಾದಂಬರಿಗಳನ್ನು ಭಾವ ಓದುತ್ತಿರಲಿಲ್ಲ. "ಕಣ್ಣೀರು ಬಿದ್ರೆ ಅಂಟು ಹಿಡಿಯಲ್ಲ" ಎನ್ನುತ್ತಿದ್ದ.

ಅಷ್ಟರಲ್ಲಿ ಅಕ್ಕ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದಳು. "ಇದೇನು ಸೆಕೆ, ಇದು ಕೆಲಸದ ಜಾಗನೋ ಒಲೆನೋ?" ಎಂದು ಫ್ಯಾನಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಎರಡೂ ಪುಸ್ತಕಗಳು ಒಮ್ಮೆಲೇ ಹಾರಿದವು. ಪುಸ್ತಕಗಳು ಬಿಡಿ ಹಾಳೆಗಳಾಗಿ ಬರುವುದಿಲ್ಲ; ಹದಿನಾರು ಪುಟಗಳ ಮಡಿಕೆಗಳಾಗಿ ಬರುತ್ತವೆ, ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳೆಲ್ಲ ಪಾರಿವಾಳಗಳ ಹಾಗೆ ನೆಲದ ತುಂಬ ಇಳಿದವು. ಭಾವ ಮಂಡಿಯೂರಿ ಹೆಕ್ಕಿದ, ನಾನೂ ಹೆಕ್ಕಿದೆ, ಅಕ್ಕ ಬೈದಳು. "ಪುಟಸಂಖ್ಯೆ ಸರಿ ಇದ್ರೆ ಪುಸ್ತಕ ಸರಿ" ಎಂಬುದು ಭಾವನ ಶಾಸ್ತ್ರ. ಅದೇ ಶಾಸ್ತ್ರದ ಪ್ರಕಾರ ಜೋಡಿಸಿದ, ಹೊಲಿದ, ಒತ್ತುಯಂತ್ರಕ್ಕೆ ಕೊಟ್ಟ.

ನಮಗೆ ಬಹಳ ತಡವಾಗಿ ತಿಳಿದದ್ದನ್ನು ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ. ಎಲ್ಲರೂ ದಣಿಯುವುದು ಬೇಡ. ಎರಡೂ ಪುಸ್ತಕಗಳ ಆರನೆಯ ಫಾರಂ ಅದಲುಬದಲಾಗಿತ್ತು. ಎಂಬತ್ತೊಂದರಿಂದ ತೊಂಬತ್ತಾರರವರೆಗೆ ಸಾಹೇಬರ ಆತ್ಮಕಥೆಯಲ್ಲಿ ತಾರಸಿಯ ಪ್ರೇಮ. ಕಾದಂಬರಿಯಲ್ಲಿ ಸಾಹೇಬರ ಚರಂಡಿ. ಎರಡರಲ್ಲೂ ಕಥೆ ಹೇಳುವವನು 'ನಾನು'. ಪುಟಸಂಖ್ಯೆ ಕರಾರುವಾಕ್ಕಾಗಿ ಸರಿಯಾಗಿತ್ತು.

ಒತ್ತುಯಂತ್ರದಿಂದ ತೆಗೆದ ಮೇಲೆ ಭಾವ ಎಂಬತ್ತೊಂದನೆಯ ಪುಟದಿಂದ ಓದು ಮುಂದುವರಿಸಿದ. ನಾನು ನೂಲು ಸುತ್ತುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನ ಉಸಿರು ಬದಲಾಯಿತು.

"ಅಯ್ಯೋ ದೇವರೇ! ಇಲ್ಲಿ ಕೇಳು," ಎಂದು ಗಟ್ಟಿಯಾಗಿ ಓದಿದ. "'ಅವಳು ಕೂದಲು ಒಣಗಿಸುತ್ತಾ ನಿಂತಿದ್ದಳು. ತಂತಿಯ ಮೇಲಿನ ಒದ್ದೆ ಸೀರೆಯ ಆಚೆ ಅವಳು, ಈಚೆ ನಾನು. ಗಾಳಿ ಬಂದರೆ ಸಾಕು ಎಂದು ಬೇಡಿಕೊಂಡೆ.' ಚರಂಡಿ ಸಾಹೇಬ್ರು ಕಣಯ್ಯಾ! ಎಂಬತ್ತು ಪುಟ ಬಚ್ಚಿಟ್ಕೊಂಡಿದ್ರು!"

"ಅಕ್ಷರ ಸ್ವಲ್ಪ ದಪ್ಪ ಕಾಣುತ್ತಲ್ಲ ಭಾವ?" ಎಂದೆ.

"ಕಾಣದೇ ಇರುತ್ತಾ? ಎದೆಯಿಂದ ಬಂದ ಮಾತು. ದಪ್ಪವಾಗೇ ಬರುತ್ತೆ."

ನಾನು ಹೂಂ ಎಂದೆ.

ಆ ಭಾನುವಾರ ಗ್ರಂಥಾಲಯದ ಮೇಲಂತಸ್ತಿನಲ್ಲಿ ಓದುಗರ ಸಭೆ. ಮಾತಾಡಬೇಕಾಗಿದ್ದ ವಿದ್ವಾಂಸರಿಗೆ ಗಂಟಲು ಕಟ್ಟಿತ್ತು. ಅಧ್ಯಕ್ಷರಾದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬದಲಿಯವರನ್ನು ಕೇಳಿದಾಗ ಗ್ರಂಥಪಾಲಕರು, "ನಮ್ಮ ಬೈಂಡರನ್ನೇ ಕರೀರಿ. ಕೆಲಸದ ಹೊತ್ತಲ್ಲಿ ಓದಿದ್ದು ಎಲ್ಲಾದರೂ ಉಪಯೋಗಕ್ಕೆ ಬರಲಿ" ಎಂದು ವ್ಯಂಗ್ಯವಾಡಿದರು. ಮೇಷ್ಟ್ರಿಗೆ ವ್ಯಂಗ್ಯ ಕೇಳಿಸುವುದಿಲ್ಲ. ಕರೆದುಬಿಟ್ಟರು.

ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಎದ್ದು ನಿಂತ. ಎಂದಿನ ಹಾಗೆ ಸಭಿಕರು ಅರ್ಧ ನಿದ್ದೆಯಲ್ಲಿದ್ದರು. ಮುಂದಿನ ಸಾಲಿನಲ್ಲಿ ಚರಂಡಿ ಸಾಹೇಬರು. ಎಷ್ಟೋ ವರ್ಷಗಳಿಂದ ತಮ್ಮ ಪುಸ್ತಕದ ಬಗ್ಗೆ ಯಾರಾದರೂ ಒಂದು ಮಾತಾಡಬಹುದೆಂದು ಪ್ರತಿ ಸಭೆಗೂ ಬರುವವರು. ಅವರ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ, ಅದರ ಪಕ್ಕದಲ್ಲಿ ಅವರ ಹೆಂಡತಿ. ಅವರಿಬ್ಬರ ನಡುವೆ ಎಲ್ಲಿ ಕೂತರೂ ಒಂದು ಕುರ್ಚಿ ಖಾಲಿ ಇರುತ್ತಿತ್ತು. ಆ ಮನೆಯಲ್ಲಿ ಮಾತು ಗೋಡೆಯ ಮೂಲಕ ನಡೆಯುತ್ತದೆ ಎಂಬುದು ಓಣಿಗೆಲ್ಲ ಗೊತ್ತು. 'ಉಪ್ಪು ಮುಗಿದಿದೆ' ಎಂದು ಆಕೆ ಗೋಡೆಗೆ ಹೇಳುತ್ತಾರೆ, ಗೋಡೆ ಸಾಹೇಬರಿಗೆ ಹೇಳುತ್ತದೆ. ಗಂಡನ ಪುಸ್ತಕ ಓದಿದಿರಾ ಎಂದು ಯಾರೋ ಕೇಳಿದಾಗ ಆಕೆ, "ಜೊತೇಲೇ ಬದುಕಿ ನೋಡಿದೀನಿ, ಮತ್ತೆ ಓದೋದು ಯಾಕೆ?" ಎಂದಿದ್ದರಂತೆ.

"ಇತ್ತೀಚೆಗೆ ಓದಿದ ಪುಸ್ತಕಗಳು," ಎಂದು ಭಾವ ಶುರುಮಾಡಿದ. "ಮೊದಲನೇದು ಒಂದು ದೊಡ್ಡ ಕಾದಂಬರಿ. ಮೂರು ತಲೆಮಾರು. ಮೊದಲನೇ ತಲೆಮಾರು ಮನೆ ಕಟ್ಟುತ್ತೆ, ಎರಡನೇದು ಭಾಗ ಮಾಡುತ್ತೆ, ಮೂರನೇದು ಕೂತು ಕಾದಂಬರಿ ಬರೆಯುತ್ತೆ. ಅವರಲ್ಲಿ ಒಬ್ಬನೂ ಆ ಮನೆ ಕಸ ಗುಡಿಸಿದ್ದು ನಾನು ಕಾಣಲಿಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬರು ಕಣ್ಣು ತೆರೆದರು.

"ಎರಡನೇದು ಒಬ್ಬ ದೊಡ್ಡ ಡಾಕ್ಟರ ಆತ್ಮಕಥೆ. ನಾನೂರು ಪುಟದಲ್ಲಿ ಒಬ್ಬ ರೋಗಿನೂ ಸಾಯಲ್ಲ. ಹಾಗಾದ್ರೆ ನಮ್ಮ ಕಡೆಯವರೆಲ್ಲ ಯಾರ ಹತ್ರ ಹೋಗ್ತಿದ್ರು? ಮೂರನೇದು ಪತ್ತೇದಾರಿ. ಅದರ ಕೊನೇ ಹಾಳೆ ಯಾರೋ ಹರ್ಕೊಂಡು ಹೋಗಿದಾರೆ. ಕೊಲೆ ಮಾಡಿದೋನು ಯಾರು ಅಂತ ಗೊತ್ತಾಗದೇ ಇರೋದ್ರಿಂದ ಪುಸ್ತಕ ಬಹಳ ಗಂಭೀರವಾಗಿದೆ."

ನಗು ಎದ್ದಿತು. ಗ್ರಂಥಪಾಲಕರು ಮಾತ್ರ ಹರಿದ ಹಾಳೆಯ ವಿಷಯ ಕೇಳಿ ಮುಖ ಗಂಟುಹಾಕಿದರು.

"ಆದರೆ ನನ್ನ ನಿದ್ದೆ ಕೆಡಿಸಿದ್ದು ನಾಲ್ಕನೇದು," ಎಂದು ಭಾವ ಪುಸ್ತಕವನ್ನು ಎತ್ತಿ ಹಿಡಿದ. "ಸರಿಯಾದ ಇಳಿಜಾರು."

ಸಾಹೇಬರು ಬೆಚ್ಚಿಬಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕನ್ನಡಕ ಮುಟ್ಟಿ ನೋಡಿಕೊಂಡರು.

"ಎಂಬತ್ತು ಪುಟದವರೆಗೆ ಬರೀ ಕೊಳವೆ. ಎಂಬತ್ತೊಂದಕ್ಕೆ ಬಂದ್ರೆ ತಾರಸಿ! ಅವಳು! ಒದ್ದೆ ಕೂದಲು! ಈ ಮನುಷ್ಯನ ಎದೇಲಿ ಇಂಥ ಬೆಂಕಿ ಇದೆ ಅಂತ ಯಾರು ಅಂದ್ಕೊಂಡಿದ್ರು? 'ನೀನು ಬಟ್ಟೆ ಒಣಹಾಕುವ ದಿನ ನನಗೆ ಹಬ್ಬ, ನೀನು ಹಾಕದ ದಿನ ಬರೀ ಬಿಸಿಲು.' ಇದನ್ನ ಬರೆದ ಕೈಗೆ ನಮಸ್ಕಾರ. ಇನ್ನೂ ದೊಡ್ಡದು ಇದೆ. ತಾರಸಿ ಬಾಗಿಲು ಹಾಕಿಕೊಂಡಿತು ಅಂತ ತೊಂಬತ್ತಾರನೇ ಪುಟ ಮುಗಿಯುತ್ತೆ. ತೊಂಬತ್ತೇಳು ಹೇಗೆ ಶುರುವಾಗುತ್ತೆ ಕೇಳಿ. 'ಈ ಕಾರ್ಯವನ್ನು ಮುಖ್ಯ ಎಂಜಿನಿಯರರು ಬಹಳವಾಗಿ ಮೆಚ್ಚಿ, ನನ್ನ ಹೆಸರನ್ನು ಬಡ್ತಿಗೆ ಶಿಫಾರಸು ಮಾಡಿದರು.' ಎಂಥ ಸಂಯಮ! ಎಂಥ ಹಾಸ್ಯ!"

ಸಭೆ ಹುಚ್ಚೆದ್ದು ಚಪ್ಪಾಳೆ ತಟ್ಟಿತು. ಜನ ಕತ್ತು ತಿರುಗಿಸಿ ಸಾಹೇಬರನ್ನು ನೋಡಿದರು. ಸಾಹೇಬರು ಬಾಯಿ ತೆರೆದರು. ಅದು ನಾನು ಬರೆದದ್ದಲ್ಲ ಎನ್ನಲೆಂದೇ ತೆರೆದರೆಂದು ನನ್ನ ನಂಬಿಕೆ. ಆದರೆ ಚಪ್ಪಾಳೆ ನಿಲ್ಲಲಿಲ್ಲ. ಇಲಾಖೆಯಲ್ಲಿ ಜೀವಮಾನ ಕಳೆದರೂ ಅವರಿಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಚರಂಡಿ ಸರಿಯಾಗಿ ಹರಿದರೆ ಯಾರು ತಟ್ಟುತ್ತಾರೆ? ತೆರೆದ ಬಾಯಿ ನಿಧಾನವಾಗಿ ಮುಚ್ಚಿತು. ಆಮೇಲೆ ಒಂದು ಕೈ ಎದ್ದು ಎದೆಯ ಮೇಲೆ ಕೂತಿತು.

ಅವರ ಹೆಂಡತಿ ಎದ್ದು, ನೇರವಾಗಿ ಭಾವನ ಬಳಿ ಬಂದು, ಕೈ ಚಾಚಿ, "ಅದನ್ನ ಇಲ್ಲಿ ಕೊಡಿ" ಎಂದರು. ಭಾವ ಕೊಟ್ಟ. ಆಕೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು.

"ಮುಗೀತು," ಎಂದಳು ಅಕ್ಕ ಸಂಜೆ ಸುದ್ದಿ ಕೇಳಿ. "ತಾರಸಿ ಮೇಲಿನ ಹೆಂಗಸು ಯಾರು ಅಂತ ಆಯಮ್ಮ ಕೇಳ್ತಾರೆ. ಆಯಪ್ಪನ ಗತಿ ಏನು? ಒಂದು ಸಂಸಾರ ಹೊಲಿಯೋಕೆ ಬರದೇ ಇದ್ರೆ ಹೋಗ್ಲಿ, ಬಿಚ್ಚೋದು ಯಾಕ್ರೀ?"

ಭಾವನಿಗೆ ಆ ರಾತ್ರಿ ಅಭಿಪ್ರಾಯಗಳೇ ಬರಲಿಲ್ಲ.

ಒಂದು ವಾರ ಏನೂ ಆಗಲಿಲ್ಲ. ಆಮೇಲೆ ಸಾಹೇಬರು ನೆಲಮಾಳಿಗೆಗೆ ಇಳಿದುಬಂದರು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದರು. ಕಂಕುಳಲ್ಲಿ ಮಂಚದ ಕೆಳಗಿನ ಒಂದು ಪ್ರತಿ.

"ಬೈಂಡರೇ, ಒಂದು ಅನ್ಯಾಯ ಆಗಿದೆ. ನಾನು ಬರೆದ ಆ ತಾರಸಿ ಅಧ್ಯಾಯ ನನ್ನ ಪ್ರತಿಗಳಲ್ಲಿ ಒಂದರಲ್ಲೂ ಇಲ್ಲ. ಪ್ರೆಸ್ಸಿನವನು ಬಿಟ್ಟುಬಿಟ್ಟಿದಾನೆ."

ಭಾವ ಕಣ್ಣು ಪಿಳಿಪಿಳಿ ಬಿಟ್ಟ. "ನೀವು... ಬರೆದಿದ್ದು ನೆನಪಿದೆಯಾ ಸಾಹೇಬ್ರೇ?"

"ಬರೆದಿರಲೇಬೇಕಲ್ಲ. ಪುಸ್ತಕ ನನ್ನದು ತಾನೇ? ಮೊದಲು ಸ್ವಲ್ಪ ಮಸುಕು ಮಸುಕಾಗಿತ್ತು. ಈಗ ದಿನಾ ಒಂದೊಂದು ವಾಕ್ಯ ನೆನಪಾಗ್ತಿದೆ." ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ನಿನ್ನೆ ಅವಳು ಊಟ ಆಯ್ತಾ ಅಂತ ಕೇಳಿದಳು. ಗೋಡೆಗಲ್ಲ ರೀ. ನನಗೆ."

ನಾನು ನೂಲಿನ ಉಂಡೆ ಕೆಳಗಿಟ್ಟೆ.

"ಆ ಅಧ್ಯಾಯನ ಉಳಿದ ಪ್ರತಿಗಳಿಗೂ ಸೇರಿಸಿಕೊಡಿ. ಜನ ಕೇಳ್ತಿದಾರೆ," ಎಂದು ಹೇಳಿ ಸಾಹೇಬರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿಹೋದರು. ಅವರಿಗೆ ಮಂಡಿನೋವಿತ್ತು ಎಂದು ನಾವೆಲ್ಲ ನಂಬಿದ್ದೆವು.

ಮರುದಿನ ಮೇಲಿನಿಂದ ಡ್ರಾಯಿಂಗ್ ಮೇಷ್ಟ್ರ ಕೂಗು ಕೇಳಿಸಿತು. ನಾವು ಓಡಿ ಹತ್ತಿದಾಗ ಅವರು ಗ್ರಂಥಪಾಲಕರ ಮೇಜಿಗೆ 'ತಾರಸಿಯ ಬೆಳಕು' ಕಾದಂಬರಿಯನ್ನು ಬಡಿಯುತ್ತಿದ್ದರು.

"ಸ್ವಾಮೀ, ಅವಳು ಬಾಗಿಲು ತೆಗೀತಾಳೆ. ಅವನು ಹೊಸಿಲಲ್ಲಿ ನಿಂತಿದಾನೆ. ನನ್ನ ಎದೆ ಡವಡವ. ಪುಟ ತಿರುಗಿಸಿದ್ರೆ, 'ಮಣ್ಣಿನ ಕೊಳವೆಗಳ ಒಳಅಳತೆಯ ಬಗ್ಗೆ ನನಗೆ ಮೊದಲಿನಿಂದಲೂ ಭಿನ್ನಾಭಿಪ್ರಾಯವಿತ್ತು' ಅಂತಾನೆ! ಹದಿನಾರು ಪುಟ ಕೊಳವೆ! ಮೊದಲು ನವ್ಯ ಅಂದ್ಕೊಂಡೆ. ಆಮೇಲೆ ಸಂಕೇತ ಅಂದ್ಕೊಂಡೆ. ಮೊನ್ನೆ ಇಲ್ಲೇ ಓದೋಕೆ ಬಂದ ಇಬ್ಬರಿಗೆ ವಿವರಿಸಿ ಕೂಡ ಹೇಳಿದೆ. ಹದಿನಾರು ಪುಟ ಆದ್ಮೇಲೆ ಅವಳು ಏನಂತಾಳೆ ಗೊತ್ತಾ? 'ನಿಮ್ಮ ಬಾಯಿಂದ ಇಂಥ ಮಾತು ಕೇಳಲು ಎಷ್ಟು ಕಾಲದಿಂದ ಕಾದಿದ್ದೆ' ಅಂತಾಳೆ!"

ಭಾವನ ಮುಖ ಅಂಟಿನ ಬಣ್ಣಕ್ಕೆ ತಿರುಗಿತು. ಗ್ರಂಥಪಾಲಕರು ಪುಸ್ತಕ ತೆರೆದು ಪುಟ ಸವರಿದರು, ಇನ್ನೊಂದು ಪುಟ ಸವರಿದರು, ಭಾವನನ್ನು ನೋಡಿದರು. ಅವರ ದನಿ ಏರಲಿಲ್ಲ, ಅದೇ ಹೆದರಿಕೆಯಾಗಿದ್ದು.

"ನಾಳೆ ಗ್ರಂಥಾಲಯ ಇಲಾಖೆಯವರು ಪುಸ್ತಕ ಪರಿಶೀಲನೆಗೆ ಬರ್ತಾರೆ. ಸಾಹೇಬರ ಮನೇಲಿರೋ ಆ ಇನ್ನೊಂದು ಪುಸ್ತಕ ಇವತ್ತೇ ಬರಬೇಕು. ಎರಡನ್ನೂ ಬಿಚ್ಚಿ ಸರಿ ಮಾಡು. ಬಂದ್ರೆ ನಿನ್ನ ಮೇಜು ನಿನಗೆ. ಬರಲಿಲ್ಲ ಅಂದ್ರೆ ಅಂಟಿನ ಡಬ್ಬ ಇಲ್ಲೇ ಬಿಟ್ಟು ಹೋಗು."

"ಸಾರ್, ಆ ಸಾಹೇಬ್ರು ಪಾಪ..."

"ನಡಿ. ನಾನೂ ಬರ್ತೀನಿ."

ಹಾಗೆ ನಾವು ಮೂವರೂ ಬಿಸಿಲಲ್ಲಿ ನಡೆದೆವು. ಗ್ರಂಥಪಾಲಕರು ಮುಂದೆ, ಭಾವ ನಡುವೆ, ಕೈಯಲ್ಲಿ ಕಾದಂಬರಿ ಹಿಡಿದು ನಾನು ಹಿಂದೆ. ದಾರಿಯಲ್ಲಿ ಭಾವ ಒಂದೇ ಮಾತಾಡಿದ. "ನಿಜ ಹೇಳಿದ್ರೆ ಆಯಪ್ಪನ ಊಟ ಹೋಗುತ್ತೆ, ಹೇಳದಿದ್ರೆ ನನ್ನದು ಹೋಗುತ್ತೆ. ಎರಡೂ ಊಟನ ಉಳಿಸೋ ಪುಸ್ತಕ ಯಾವುದಾದ್ರೂ ಓದಿದೀನಾ ನಾನು?" ಓದಿರಲಿಲ್ಲ.

ಸಾಹೇಬರೇ ಬಾಗಿಲು ತೆರೆದರು. "ಬನ್ನಿ ಬನ್ನಿ! ಅಧ್ಯಾಯ ತಂದಿರಾ?"

ಭಾವ ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಆಕೆ ಬಂದರು. ನಮ್ಮ ಮೂವರ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಕಾದಂಬರಿ ನೋಡಿದರು. "ರೀ," ಎಂದರು ಗಂಡನಿಗೆ, ನೇರವಾಗಿ, "ಬಚ್ಚಲಿನ ನೀರು ಮತ್ತೆ ನಿಂತಿದೆ. ಸ್ವಲ್ಪ ನೋಡಿ."

"ಇಳಿಜಾರು ಸರಿಯಾಗೇ ಇತ್ತಲ್ಲ!" ಎಂದು ಸಾಹೇಬರು ತೋಳು ಮಡಚಿಕೊಂಡು ಉತ್ಸಾಹದಿಂದ ಒಳಗೆ ಓಡಿದರು. ಆಕೆ ನಡುಮನೆಯ ಬಾಗಿಲನ್ನು ಮುಂದಕ್ಕೆ ಎಳೆದರು.

ಗ್ರಂಥಪಾಲಕರು ಗಂಟಲು ಸರಿಮಾಡಿಕೊಂಡರು. "ಅಮ್ಮಾ, ಒಂದು ಸಣ್ಣ ತಪ್ಪಾಗಿದೆ. ಆ ಪುಸ್ತಕದಲ್ಲಿ ನೀವು ಓದಿದ ಕೆಲವು ಪುಟಗಳು..."

"ಅವರು ಬರೆದಿದ್ದಲ್ಲ. ಗೊತ್ತು."

"ಗೊತ್ತಾ?"

"ಎರಡನೇ ಸಾಲಿಗೇ ಗೊತ್ತಾಯ್ತು. ನನ್ನ ಕೂದಲು ಒಣಗ್ತಿದೆಯೋ ಉದುರ್ತಿದೆಯೋ ಅವರಿಗೆ ಇವತ್ತಿಗೂ ತಿಳಿಯಲ್ಲ."

ಭಾವ ತಡೆಯಲಾರದೆ ಕೇಳಿದ. "ಮತ್ತೆ ಯಾಕಮ್ಮಾ ಇಟ್ಕೊಂಡಿದೀರಿ?"

"ಅವರಿಗೆ ಗೊತ್ತಿಲ್ವಲ್ಲಪ್ಪ. ತಾನೇ ಬರೆದೆ ಅಂದ್ಕೊಂಡು, ಬರೆದವನ ಥರಾನೇ ನಡ್ಕೊಳ್ತಿದಾರೆ. ಮೊನ್ನೆ ನಾನು ಬಟ್ಟೆ ಒಣಹಾಕೋಕೆ ಹೋದ್ರೆ ಹಿಂದೆಯೇ ತಾರಸಿಗೆ ಬಂದರು. ಈ ಮನೆಗೆ ಬಂದ ಮೇಲೆ ಮೊದಲನೇ ಸಲ. ಒಂದು ಬಟ್ಟೇನೂ ಹಿಂಡಲಿಲ್ಲ, ಸೋರ್ತಾ ಇದ್ದ ಹಾಗೇ ತಂತಿ ಮೇಲೆ ಹಾಕಿದರು. ಎಲ್ಲ ನನ್ನ ತಲೆ ಮೇಲೇ ತೊಟ್ಟಿಕ್ತು. ಆಮೇಲೆ ಇಬ್ಬರೂ ಗಾಳಿಗೆ ಕಾಯ್ತಾ ನಿಂತ್ಕೊಂಡ್ವಿ."

ಒಳಗೆ ಬಚ್ಚಲಿನಲ್ಲಿ ಸಾಹೇಬರು ಏನನ್ನೋ ಗುನುಗುತ್ತಾ ಕೊಳವೆ ಬಡಿಯುತ್ತಿದ್ದರು. ಭಾವ ನನ್ನ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ಸಾರ್, ಅಂಟಿನ ಡಬ್ಬ ಅಲ್ಲೇ ಮೇಜಿನ ಮೇಲಿದೆ" ಎಂದ.

"ಡಬ್ಬ ಯಾಕೆ?" ಎಂದು ಆಕೆ ಕೇಳಿದರು. ನಾನೇ ಹೇಳಿದೆ, ಪುಸ್ತಕ ಬರದಿದ್ದರೆ ಭಾವನ ಕೆಲಸ ಹೋಗುತ್ತದೆ ಎಂದು. ಅಂದು ಅದು ನನ್ನ ಅತ್ಯಂತ ಉದ್ದದ ಮಾತು.

ಆಕೆ ಒಳಗೆ ಹೋಗಿ ಪುಸ್ತಕ ತಂದರು. ಗ್ರಂಥಪಾಲಕರ ಮುಖ ಅರಳಿತು. ಆದರೆ ಆಕೆ ಕೈಗೆ ಕೊಡಲಿಲ್ಲ. ತಾವೇ ತೆರೆದು ಅವರ ಮೂಗಿನ ಹತ್ತಿರ ಹಿಡಿದರು. "ಇದು ಯಾರ ಸಹಿ ಸ್ವಾಮೀ?"

'ಅವಳ ಬೆರಳು ನನ್ನ ಬೆರಳಿಗೆ ತಾಗಿತು' ಎಂಬ ಸಾಲಿನ ನೆತ್ತಿಯ ಮೇಲೆಯೇ ಗ್ರಂಥಾಲಯದ ನೇರಳೆ ಮುದ್ರೆ ಬಿದ್ದಿತ್ತು: 'ಬೈಂಡಿಂಗ್ ನಂತರ ಪ್ರತಿ ಪುಟ ಪರಿಶೀಲಿಸಲಾಗಿದೆ'. ಅದರ ಕೆಳಗೆ ಗ್ರಂಥಪಾಲಕರ ಸಹಿ, ಬಾಲ ಸಮೇತ.

"ಪ್ರತಿ ಪುಟ ನೀವು ನೋಡಿದೀರಿ. ಇವನು ಬರೀ ಹೊಲಿದಿದಾನೆ," ಎಂದರು ಆಕೆ. "ನಾಳೆ ಬರೋರಿಗೆ ಹೇಳ್ಬೇಕು ಅಂದ್ರೆ ನಾನೇ ಬಂದು ಹೇಳ್ತೀನಿ. ಹೊಲಿದವನ ಕೆಲಸ ಮೊದಲು ಹೋಗ್ಬೇಕೋ, ನೋಡಿದವರದೋ, ಅವರೇ ಹೇಳಲಿ."

ಗ್ರಂಥಪಾಲಕರು ಮುದ್ರೆಯ ಮೇಲೆ ಹೆಬ್ಬೆರಳು ಉಜ್ಜಿ ನೋಡಿದರು. ಜೇಬಿನಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ದಣಿದ ಮನುಷ್ಯ, ನಮ್ಮಷ್ಟೇ ದಣಿದವರು, ಕುರ್ಚಿ ಮಾತ್ರ ಎತ್ತರ.

"ಆಯ್ತು. ಇವನ ಮೇಜು ಇವನಿಗೇ ಇರಲಿ," ಎಂದರು. "ಕಾದಂಬರಿ ರಿಪೇರಿಗೆ ಹೋಗಿದೆ ಅಂತ ನಾಳೆ ಹೇಳ್ತೀನಿ. ಆದರೂ ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ, ಆ ಹದಿನಾರು ಪುಟ ಮಾತ್ರ ವಾಪಸ್ ಕೊಡಿ. ಬೇರೇದೇನೂ ಬೇಡ. ಇವನು ಇಲ್ಲೇ ಕೂತು ಹುಷಾರಾಗಿ ಬಿಚ್ಚಿಕೊಳ್ತಾನೆ."

ಆಕೆ ಪುಸ್ತಕ ಮುಚ್ಚಿ ಸೊಂಟಕ್ಕೆ ಅವಚಿಕೊಂಡರು.

"ಕೊಡಲ್ಲ," ಎಂದರು.